ಮನೆ ತುಂಬಾ ಆಟಿಕೆ, ಆದ್ರೂ ಮಗುಗೆ ಬೋರು: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋ ಪತ್ರಗಳು ಹೆಚ್ಚುಕಮ್ಮಿ ಎಲ್ಲಾ ಒಂದೇ ವಿಷ್ಯದ್ದು: ಪುಟ್ಟ ಮಕ್ಕಳ ಆಟ, ಆಟದ ಸಾಮಾನು, ಮತ್ತೆ ಅದರ ಸುತ್ತ ಮನೇಲಿ ನಡೆಯೋ ಮಾತುಕತೆ ಜಗಳ. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳ್ಕೊಂಡಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಹಾಲಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ಅಷ್ಟು ಆಟದ ಸಾಮಾನಿದೆ, ಬಂದೋರೆಲ್ಲ ಒಂದೊಂದು ತಂದು ಕೊಟ್ಟಿದ್ದು, ನಾವು ತಗೊಂಡಿದ್ದು ಬೇರೆ. ಅವಳು ಒಂದನ್ನ ಎತ್ಕೊಂಡು ಎರಡು ನಿಮಿಷ ನೋಡಿ ಬಿಸಾಕಿ ಇನ್ನೊಂದಕ್ಕೆ ಹೋಗ್ತಾಳೆ, ಆಮೇಲೆ ಬಂದು ನನ್ನ ಕಾಲು ಹಿಡ್ಕೊಂಡು ಅಳ್ತಾಳೆ. ಏಕಾಗ್ರತೆ ಕಮ್ಮಿ ಇದ್ಯಾ? ಡಾಕ್ಟರ್‌ಗೆ ತೋರಿಸ್ಬೇಕಾ?

ಉತ್ತರ: ಬರೀ ಇದಕ್ಕೋಸ್ಕರ ಡಾಕ್ಟರ್ ಹತ್ರ ಓಡಬೇಕಾಗಿಲ್ಲಮ್ಮಾ. ಎರಡು ವರ್ಷದ ಮಗು ಕಣ್ಮುಂದೆ ಅಷ್ಟೊಂದು ಸಾಮಾನು ಹರಡ್ಕೊಂಡಿದ್ರೆ ಗಮನ ಒಂದರ ಮೇಲೆ ನಿಲ್ಲೋದು ಕಷ್ಟ, ಅದು ಅವಳ ತಪ್ಪಲ್ಲ, ಹಾಲ್ ಹಾಗಿದೆ ಅಷ್ಟೇ. ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು ಇದನ್ನೇ ಮಾಡಿ ನೋಡಿದ್ರು, 2018ರಲ್ಲಿ ಪ್ರಕಟ ಆಗಿದೆ. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನ ಒಂದು ಸಲ 4 ಆಟಿಕೆ ಇಟ್ಟು ಆಡಕ್ಕೆ ಬಿಟ್ರು, ಇನ್ನೊಂದು ಸಲ 16 ಇಟ್ಟು ಬಿಟ್ರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು ಕೂತ್ರು, ಅಷ್ಟೇ ಅಲ್ಲ, ಅದೇ ಸಾಮಾನನ್ನ ಬೇರೆ ಬೇರೆ ಥರ ಬಳಸಿ ಆಡಿದ್ರು.

ಹಾಗಾಗಿ ಇವತ್ತು ರಾತ್ರಿ ಅವಳು ಮಲಗಿದ ಮೇಲೆ ನೀವು ಮಾಡಬೇಕಾದ್ದು ಒಂದೇ ಕೆಲಸ, ಐದಾರು ಸಾಮಾನು ಹೊರಗಿಟ್ಟು ಮಿಕ್ಕಿದ್ದೆಲ್ಲಾ ಡಬ್ಬಕ್ಕೆ ತುಂಬಿ ಕಣ್ಣಿಗೆ ಬೀಳದ ಕಡೆ ಎತ್ತಿಡೋದು. ಬಿಸಾಕ್ಬೇಡಿ, ಯಾರಿಗೂ ಕೊಟ್ಬಿಡಬೇಡಿ, ವಾರಕ್ಕೋ ಹತ್ತು ದಿನಕ್ಕೋ ಒಂದ್ಸಲ ಎರಡು ಮೂರನ್ನ ಒಳಗೆ ಹಾಕಿ ಎರಡು ಮೂರನ್ನ ಹೊರಗೆ ತೆಗೀರಿ, ಹಳೇದೇ ಹೊಸದರ ಥರ ಬರತ್ತೆ. ಅವಳು ರಾತ್ರಿ ಜೊತೇಲಿಟ್ಕೊಂಡು ಮಲಗೋ ಬೊಂಬೆನೋ ಬಟ್ಟೇನೋ ಇದ್ರೆ ಅದನ್ನ ಮಾತ್ರ ಈ ಅದಲು ಬದಲಿಗೆ ಸೇರಿಸ್ಬೇಡಿ, ಅದು ಅವಳ ಧೈರ್ಯ, ಯಾವಾಗ್ಲೂ ಕೈಗೆ ಸಿಗ್ಬೇಕು.

ಯಾವುದನ್ನ ಹೊರಗಿಡೋದು ಅಂತ ಕೇಳಿದ್ರೆ ನನ್ನ ಲೆಕ್ಕ ತುಂಬಾ ಸರಳ. ಬಟನ್ ಒತ್ತಿದ್ರೆ ತಾನೇ ಹಾಡಿ ತಾನೇ ಕುಣಿಯೋ ಸಾಮಾನು ಮೊದ್ಲು ಡಬ್ಬಕ್ಕೆ ಹೋಗ್ಲಿ, ಮಗು ಏನಾದ್ರೂ ಮಾಡಿದ್ರೆ ಮಾತ್ರ ಏನಾದ್ರೂ ಆಗೋಂಥ ಸಾಮಾನು ಹೊರಗಿರ್ಲಿ. ಬ್ಲಾಕ್ಸ್, ಬಾಲು, ಬೊಂಬೆ, ಒಂದರೊಳಗೊಂದು ಕೂರೋ ಡಬ್ಬಿಗಳು, ದಪ್ಪ ಹಾಳೆಯ ಚಿತ್ರದ ಪುಸ್ತಕ, ಇಷ್ಟು ಸಾಕು. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 10ರಿಂದ 16 ತಿಂಗಳ ಮಕ್ಕಳು ಮತ್ತು ಅವರ ಅಪ್ಪ ಅಮ್ಮ ಆಡೋದನ್ನ ರೆಕಾರ್ಡ್ ಮಾಡಿದ್ರು, ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡೋರು ಮಗು ಜೊತೆ ಮಾತಾಡೋದೇ ಕಮ್ಮಿ ಆಯ್ತು, ಪುಸ್ತಕ ಇದ್ದಾಗ ಮಾತು ತುಂಬಾ ಜಾಸ್ತಿ ಇತ್ತು. ಆಟಿಕೆನೇ ಮಾತಾಡ್ತಾ ಇದ್ರೆ ನಾವು ಸುಮ್ನಾಗ್ಬಿಡ್ತೀವಿ, ಮಗುಗೆ ಬೇಕಿರೋದು ನಮ್ಮ ಮಾತು.

ಒಂದು ಮಗು ಮುಚ್ಚಳ ಇರೋ ಸ್ಟೀಲ್ ಡಬ್ಬಿ ಜೊತೆ ಆಡೋದನ್ನ ನಾನು ಪಕ್ಕದಲ್ಲೇ ಕೂತು ನೋಡಿದೀನಿ. ಮುಚ್ಚಳ ತಲೆಕೆಳಗಾಗಿ ಇಟ್ಟ, ಕೂರ್ಲಿಲ್ಲ, ತಿರುಗಿಸಿದ, ಕೂತ್ತು. ತೆಗೆದು ಒಳಗೆ ತನ್ನ ಕಾಲ್ಚೀಲ ಹಾಕಿ ಮುಚ್ಚಿ ಅಲ್ಲಾಡಿಸಿದ, ಸದ್ದಿಲ್ಲ. ಕಾಲ್ಚೀಲ ತೆಗೆದು ಚಮಚ ಹಾಕಿ ಅಲ್ಲಾಡಿಸಿದ, ಜಣಜಣ ಅಂತು, ಗಾಬರಿಯಿಂದ ಅಮ್ಮನ ಮುಖ ನೋಡಿ ಆಮೇಲೆ ಜೋರಾಗಿ ನಕ್ಕ. ಮತ್ತೆ ಕಾಲ್ಚೀಲ, ಮತ್ತೆ ಚಮಚ, ಮತ್ತೆ ಎರಡೂ ಒಟ್ಟಿಗೆ. ಇದೇ ಏಕಾಗ್ರತೆ, ಇದನ್ನ ಯಾರೂ ಅವನಿಗೆ ಕಲಿಸಿರ್ಲಿಲ್ಲ, ಮಧ್ಯದಲ್ಲಿ ಬಂದು ಯಾರೂ ಕೆಡಿಸ್ಲಿಲ್ಲ ಅಷ್ಟೇ. ನಿಮ್ಮ ಮಗಳು ಹೀಗೆ ಏನಾದ್ರೂ ಮಾಡ್ತಾ ಮುಳುಗಿ ಹೋಗಿದ್ದಾಗ ಫೋಟೋಗೆ ಕರೀಬೇಡಿ, ಶಭಾಷ್ ಅಂತಾನೂ ಹೇಳ್ಬೇಡಿ, ಬಿಟ್ಬಿಡಿ. ಮತ್ತೆ ಅವಳು ಕಾಲು ಹಿಡ್ಕೊಂಡು ಅಳೋದು ಸಾಮಾನು ಸಾಲ್ದು ಅಂತ ಅಲ್ಲ, ನೀವು ಬೇಕು ಅಂತ. ಹತ್ತು ನಿಮಿಷ ಅವಳ ಜೊತೆ ನೆಲದ ಮೇಲೆ ಕೂತು ಆಟ ಶುರು ಮಾಡಿಸಿ ಆಮೇಲೆ ನಿಧಾನಕ್ಕೆ ಎದ್ದು ಪಕ್ಕದಲ್ಲೇ ನಿಮ್ಮ ಕೆಲಸ ಮಾಡ್ಕೊಳ್ಳಿ, ಕಣ್ಣಿಗೆ ಕಾಣೋ ಹಾಗಿದ್ರೆ ತುಂಬಾ ಮಕ್ಕಳು ಆಟ ಮುಂದುವರಿಸ್ತಾರೆ.

ಪ್ರಶ್ನೆ: ಹದಿನಾಲ್ಕು ತಿಂಗಳ ಮಗ ಸಿಕ್ಕಿದ್ದೆಲ್ಲಾ ಎಸೀತಾನೆ. ಎತ್ತಿ ಕೊಟ್ರೆ ಮತ್ತೆ ಎಸೀತಾನೆ, ಬೈದ್ರೆ ನಗ್ತಾನೆ. ಹಠಮಾರಿ ಆಗ್ತಿದಾನೆ, ಈಗ್ಲೇ ಎರಡು ಕೊಡಿ ಅಂತ ಮನೆಯವರು. ಏನ್ಮಾಡ್ಲಿ?

ಉತ್ತರ: ಹೊಡೀಬೇಡಿ, ದಯವಿಟ್ಟು. ಹದಿನಾಲ್ಕು ತಿಂಗಳಿಗೆ ಹಠ ಅನ್ನೋದು ದೊಡ್ಡೋರು ಅಂದ್ಕೊಳ್ಳೋ ಅರ್ಥದಲ್ಲಿ ಇರಲ್ಲ. ಮಕ್ಕಳ ಬುದ್ಧಿ ಹೇಗೆ ಬೆಳೆಯತ್ತೆ ಅಂತ ಜೀವನಪೂರ್ತಿ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಸ್ವಂತ ಮಕ್ಕಳನ್ನೇ ಗಮನಿಸಿ ಇದನ್ನ ಬರೆದಿದಾರೆ, ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಮಗು ಒಂದೇ ಕೆಲಸನ ಸ್ವಲ್ಪ ಸ್ವಲ್ಪ ಬದಲಾಯಿಸಿ ಮಾಡಿ ಏನಾಗತ್ತೆ ಅಂತ ನೋಡತ್ತೆ. ಮೇಲಿಂದ ಬಿಟ್ರೆ ಏನು, ಜೋರಾಗಿ ಎಸೆದ್ರೆ ಏನು, ಬಟ್ಟೆ ಬಿದ್ರೆ ಯಾಕೆ ಸದ್ದಿಲ್ಲ, ಅಮ್ಮ ಎಷ್ಟು ಸಲ ಎತ್ತಿ ಕೊಡ್ತಾರೆ. ಬೈದ್ರೆ ನಗೋದು ಯಾಕಂದ್ರೆ ನಿಮ್ಮ ಮುಖ ಬದಲಾಗೋದೂ ಅವನಿಗೆ ಒಂದು ಫಲಿತಾಂಶವೇ.

ಎಸೆಯೋದನ್ನ ನಿಲ್ಲಿಸೋದು ಆಗಲ್ಲ, ಆದ್ರೆ ಏನನ್ನ ಎಸೀಬಹುದು ಅನ್ನೋದನ್ನ ನೀವು ತೀರ್ಮಾನ ಮಾಡಬಹುದು. ಬಟ್ಟೆ ಚೆಂಡು, ಮೆತ್ತನೆ ಬೊಂಬೆ, ಸುತ್ತಿಟ್ಟ ಕಾಲ್ಚೀಲ ಒಂದು ಬುಟ್ಟೀಲಿ ಹಾಕಿಡಿ. ಅವನು ಕಾರು ಎಸೆದಾಗ ಕೈ ಮೆಲ್ಲಗೆ ಹಿಡಿದು, ಕಾರು ಓಡ್ಸೋದು, ಚೆಂಡು ಎಸೆಯೋದು, ಬಾ ಎಸೆಯೋಣ ಅಂತ ಬುಟ್ಟಿ ಹತ್ರ ಕರ್ಕೊಂಡು ಹೋಗಿ. ಉದ್ದ ಭಾಷಣ ಬೇಡ, ಅದೇ ನಾಲ್ಕು ಮಾತು ಪ್ರತಿ ಸಲ. ಯಾರಿಗಾದ್ರೂ ಪೆಟ್ಟಾಗೋ ಹಾಗೆ ಎಸೆದ್ರೆ ಆ ಸಾಮಾನು ಸ್ವಲ್ಪ ಹೊತ್ತು ಮೇಲೆ ಹೋಗ್ಲಿ, ಕೋಪ ಇಲ್ದೆ. ಒಂದು ದಿನಕ್ಕೆ ಆಗೋ ಕೆಲಸ ಅಲ್ಲ, ತಿಂಗಳುಗಟ್ಲೆ ಹೇಳ್ಬೇಕಾಗತ್ತೆ, ಇದನ್ನ ನಿಮ್ಮ ಮನೆಯವರಿಗೂ ಓದಿ ಹೇಳಿ.

ಪ್ರಶ್ನೆ: ಮೇಡಂ, ನಾನು ಮೂರು ವರ್ಷದ ಹುಡುಗನ ಅಪ್ಪ. ಕೆಲಸ ಮುಗಿಸಿ ಮನೆಗೆ ಬರೋಷ್ಟರಲ್ಲಿ ಅವನು ಮಲಗೋಕೆ ಒಂದು ಗಂಟೆನೂ ಇರಲ್ಲ. ಏನಾದ್ರೂ ಕಲಿಸೋಣ ಅಂತ ಕಲರ್ ಕೇಳ್ತೀನಿ, ನಂಬರ್ ಕೇಳ್ತೀನಿ, ಅವನು ಎದ್ದು ಹೋಗ್ಬಿಡ್ತಾನೆ. ಹೊಸ ಆಟಿಕೆ ತಂದ ದಿನ ಮಾತ್ರ ನನ್ನ ಹತ್ರ ಬರ್ತಾನೆ. ಬೇಜಾರಾಗತ್ತೆ.

ಉತ್ತರ: ಬೇಜಾರಾಗೋದು ಸಹಜ ಸಾರ್, ಇಡೀ ದಿನ ದುಡಿದು ಬಂದು ಮಗು ಮುಖ ತಿರುಗಿಸಿದ್ರೆ ಯಾರಿಗಾದ್ರೂ ಸಂಕಟ ಆಗತ್ತೆ. ಆದ್ರೆ ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವು ಅವನ ಹತ್ರ ಹೋದ ತಕ್ಷಣ ಪರೀಕ್ಷೆ ಶುರು ಮಾಡ್ತಿದೀರಿ. ಅವನು ಕಾರುಗಳನ್ನ ಟೇಬಲ್ ಕೆಳಗೆ ಸಾಲಾಗಿ ನಿಲ್ಲಿಸ್ತಾ ಇರ್ತಾನೆ, ನೀವು ಬಂದು ಇದ್ಯಾವ ಕಲರ್ ಪುಟ್ಟಾ ಅಂತೀರಿ. ಅವನ ತಲೇಲಿ ಆಗ ಓಡ್ತಿರೋದು ಕಲರ್ ಅಲ್ಲ. ಪೆಟ್ರೋಲ್ ಹಾಕಿಸ್ಕೊಳ್ಳಕ್ಕೆ ಕ್ಯೂ ನಿಂತಿವೆಯೋ, ಮಳೆ ಬಂತು ಅಂತ ಒಳಗೆ ನಿಲ್ಸಿದಾನೋ, ಕೆಂಪು ಕಾರಿಗೆ ಹುಷಾರಿಲ್ವೋ, ಯಾರಿಗ್ಗೊತ್ತು. ಅದನ್ನ ತಿಳ್ಕೊಳ್ಳೋ ದಾರಿ ಒಂದೇ, ಫೋನ್ ಬೇರೆ ರೂಮಲ್ಲಿಟ್ಟು ಅವನ ಪಕ್ಕ ನೆಲದ ಮೇಲೆ ಕೂತು ಐದು ನಿಮಿಷ ಬಾಯಿ ಮುಚ್ಕೊಂಡು ನೋಡೋದು. ಆಮೇಲೆ ಕಾಣ್ತಿರೋದನ್ನ ಹೇಳಿ, ಓ ಈ ಲಾರಿ ಕೊನೇಲಿ ನಿಂತಿದೆ ಅಲ್ವಾ, ಅಂತ. ಹೇಳಿ ಕಾಯಿರಿ. ಮೂರು ವರ್ಷದ ಮಗು ಮಾತು ಜೋಡಿಸಿ ಉತ್ತರ ಕೊಡಕ್ಕೆ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು, ನಾವು ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಕೇಳಿರ್ತೀವಿ. ಅವನು ನಿಮಗೆ ಒಂದು ಕಾರು ಕೊಟ್ರೆ ಕೇಳಿ, ನಾನು ಇದನ್ನ ಎಲ್ಲಿ ನಿಲ್ಲಿಸ್ಲಿ ಅಂತ, ಅವನು ಹೇಳಿದ ಕಡೆನೇ ನಿಲ್ಲಿಸಿ. ತಪ್ಪು ಕಡೆ ನಿಲ್ಲಿಸ್ತಿದಾನೆ ಅನ್ಸಿದ್ರೂ ಸರಿ ಮಾಡಕ್ಕೆ ಹೋಗ್ಬೇಡಿ.

ಅವನು ಕುಸ್ತಿ ಆಡಕ್ಕೆ ಮೇಲೆ ಬಿದ್ರೆ ಆಡಿ, ಅಪ್ಪಂದಿರ ಜೊತೆ ಉರುಳಾಡೋದು ತುಂಬಾ ಒಳ್ಳೇದು, ನಗ್ತಾ ಇರೋವರೆಗೂ ಮತ್ತೆ ಮತ್ತೆ ಬಂದು ಬೀಳೋವರೆಗೂ ಅದು ಆಟ, ಮುಖ ಗಟ್ಟಿ ಆಗಿ ಹಿಂದೆ ಸರಿದ್ರೆ ಅಥವಾ ಸಾಕು ಅಂದ್ರೆ ಆ ಕ್ಷಣಕ್ಕೇ ನಿಲ್ಲಿಸಿ. ಅಪ್ಪ ಸಾಕು ಅಂದ್ರೆ ನಿಲ್ಲಿಸ್ತಾರೆ ಅನ್ನೋದು ಅವನಿಗೆ ಗೊತ್ತಾಗ್ಬೇಕು. ಮಲಗೋಕೆ ಹತ್ರ ಆದಾಗ ಮಾತ್ರ ಉರುಳಾಟ ಬೇಡ, ಕಥೆ ಪುಸ್ತಕಕ್ಕೆ ಬನ್ನಿ. ದಿನಾ ಆಟಿಕೆ ತರೋದನ್ನ ಬಿಡಿ, ಕೆಲವು ದಿನ ಅವನು ನಿಮ್ಮ ಕೈ ನೋಡ್ತಾನೆ, ಖಾಲಿ ಇದ್ರೆ ಅಳಬಹುದು, ಅಳ್ಲಿ, ನೀವು ಎದ್ದು ಹೋಗ್ದೆ ಅಲ್ಲೇ ಕೂತಿರಿ. ಒಂದು ಗಂಟೆ ಅಂದ್ರೆ ಕಮ್ಮಿ ಅಲ್ಲ ಸಾರ್, ಅರ್ಧ ಗಂಟೆ ಪೂರ್ತಿ ಅವನದಾಗಿದ್ರೂ ಸಾಕಷ್ಟಾಯ್ತು.

ಪ್ರಶ್ನೆ: ಎರಡೂವರೆ ವರ್ಷದ ಮಗಳು ಬೇರೆ ಮಕ್ಕಳು ಮನೆಗೆ ಬಂದ್ರೆ ಒಂದು ಆಟಿಕೆನೂ ಮುಟ್ಟಕ್ಕೆ ಬಿಡಲ್ಲ, ತಳ್ತಾಳೆ, ಕಿತ್ಕೊಳ್ತಾಳೆ. ಸ್ವಾರ್ಥಿ ಆಗಿ ಬೆಳೆಸ್ತಿದೀಯ ಅಂತ ಅತ್ತೆ ಎಲ್ಲರ ಮುಂದೆ ಹೇಳ್ತಾರೆ, ನಾನು ನಾಚಿಕೆಯಿಂದ ಅವಳ ಕೈಯಿಂದ ಕಿತ್ತು ಆ ಮಗುಗೆ ಕೊಡ್ತೀನಿ.

ಉತ್ತರ: ನಿಮ್ಮ ಅತ್ತೆಯವರಿಗೆ ಮೊಮ್ಮಗಳ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ, ಮಗು ನಾಲ್ಕು ಜನರ ಜೊತೆ ಹೊಂದ್ಕೊಂಡು ಹೋಗ್ಲಿ ಅನ್ನೋ ಆಸೆ ಅವರಿಗೆ. ಆದ್ರೆ ಎರಡೂವರೆ ವರ್ಷಕ್ಕೆ ಅದು ಇನ್ನೂ ಬೇಗ ಆಯ್ತು. ಮಿಲ್ಡ್ರೆಡ್ ಪಾರ್ಟನ್ ಅನ್ನೋರು ನರ್ಸರಿ ಮಕ್ಕಳ ಆಟನ ಕೂತು ಗಮನಿಸಿ 1932ರಲ್ಲಿ ಬರೆದದ್ದು ಇವತ್ತಿಗೂ ಎಲ್ಲಾ ಕಡೆ ಪಾಠ ಮಾಡ್ತಾರೆ: ಮಕ್ಕಳು ಮೊದ್ಲು ಒಬ್ಬರೇ ಆಡ್ತಾರೆ, ಬೇರೆಯವರು ಆಡೋದನ್ನ ನಿಂತು ನೋಡ್ತಾರೆ, ಆಮೇಲೆ ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡ್ತಾರೆ, ನಿಜವಾಗಿ ಸೇರಿ ಆಡೋದು ಅದೆಲ್ಲಾ ಆದ ಮೇಲೆ. ನಿಮ್ಮ ಮಗಳು ಇನ್ನೂ ಪಕ್ಕಪಕ್ಕ ಆಡೋ ವಯಸ್ಸಲ್ಲಿದಾಳೆ. ಕಿತ್ತು ಕೊಟ್ರೆ ಅವಳು ಕಲಿಯೋದು ದೊಡ್ಡೋರು ಕಿತ್ಕೊಳ್ಳಬಹುದು ಅಂತ, ಕೊಡೋದನ್ನಲ್ಲ.

ಮುಂದಿನ ಸಲ ಯಾರಾದ್ರೂ ಬರೋಕೆ ಮುಂಚೆ ಅವಳನ್ನೇ ಕೇಳಿ, ಯಾವುದನ್ನ ಯಾರಿಗೂ ಕೊಡಲ್ಲ, ತೋರ್ಸು ಅಂತ. ಅವಳು ತೋರಿಸಿದ್ದನ್ನ ಇಬ್ರೂ ಸೇರಿ ಒಳಗೆ ಎತ್ತಿಡಿ. ಹೊರಗೆ ಒಂದೇ ಥರದ್ದು ಸುಮಾರು ಇರೋ ಸಾಮಾನಿಡಿ, ಬ್ಲಾಕ್ಸ್, ಬಣ್ಣದ ಕಡ್ಡಿ, ಡಬ್ಬಿಗಳು. ಜಗಳ ಆದ್ರೆ ಪಾಳಿ ಹೇಳಿಕೊಡಿ, ಇವಳದು ಆಡಿ ಮುಗೀಲಿ, ಆಮೇಲೆ ನಿನಗೆ ಅಂತ, ಕಾಯ್ತಿರೋ ಮಗು ಪಕ್ಕ ನೀವು ಕೂತ್ಕೊಂಡಿರಿ. ತಳ್ಳಕ್ಕೆ ಕೈ ಎತ್ತಿದಾಗ ಕೈ ತಡೀರಿ, ಅದಕ್ಕೆ ಮಾತ್ರ ರಿಯಾಯಿತಿ ಇಲ್ಲ. ಬಲವಂತವಾಗಿ ಸಾರಿ ಹೇಳಿಸ್ಬೇಡಿ, ಬಿದ್ದ ಮಗೂನ ಎತ್ತೋಕೆ ಅವಳನ್ನ ಜೊತೆಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಮನೇಲಿ ನಾನು ಮತ್ತೆ ಒಂದೂವರೆ ವರ್ಷದ ಮಗು ಇಬ್ರೇ. ಅಡುಗೆ ಆಗ್ಬೇಕಂದ್ರೆ ಮೊಬೈಲ್ ಕೊಡ್ಲೇಬೇಕು. ತಪ್ಪು ಅಂತ ಗೊತ್ತು, ಬೇರೆ ದಾರಿ ಕಾಣ್ತಿಲ್ಲ.

ಉತ್ತರ: ನೀವು ಒಬ್ರೇ ಎಲ್ಲಾ ನಿಭಾಯಿಸ್ತಿದೀರಿ, ಹಾಗಾಗಿ ತಪ್ಪು ಅನ್ನೋ ಭಾರ ನಾನು ಇನ್ನಷ್ಟು ಹೊರಿಸಲ್ಲ. ನಿಯಮ ಏನಿದೆ ಅಂತ ತಿಳ್ಕೊಂಡಿರಿ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಕೂತು ಸ್ಕ್ರೀನ್ ನೋಡೋದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿ ಆದಷ್ಟೂ ಒಳ್ಳೇದು. ಒಂದು ವರ್ಷ ದಾಟಿದ ಮಗು ದಿನಕ್ಕೆ ಒಟ್ಟು 180 ನಿಮಿಷ ಓಡಾಡ್ತಾ ಕೈಕಾಲು ಆಡಿಸ್ತಾ ಇರ್ಬೇಕು ಅಂತಾನೂ ಅದರಲ್ಲಿದೆ. ಅಜ್ಜಿ ತಾತನ ಜೊತೆ ವಿಡಿಯೋ ಕಾಲ್‌ನ ಈ ಲೆಕ್ಕಕ್ಕೆ ಸೇರಿಸಿ ಕೊರಗಬೇಡಿ, ಎದುರುಗಡೆಯಿಂದ ಒಬ್ರು ಇದೇ ಮಗು ಜೊತೆ ಮಾತಾಡ್ತಿರ್ತಾರೆ, ಅದು ಬೇರೆ.

ದಾರಿ ಅಂದ್ರೆ, ಅಡುಗೆಮನೇಲೇ ಕೆಳಗಿನ ಒಂದು ಡ್ರಾಯರ್ ಅವನಿಗೆ ಬಿಟ್ಟುಕೊಡಿ. ಮರದ ಸೌಟು, ಪ್ಲಾಸ್ಟಿಕ್ ಬಟ್ಟಲು, ಮುಚ್ಚಳ, ಹಳೇ ಬಟ್ಟೆ ಚೂರು, ಖಾಲಿ ಡಬ್ಬಿ. ಒಲೆಯಿಂದ ದೂರ ಇರ್ಬೇಕು, ಅದು ಮುಖ್ಯ. ನೀವು ಕಲಸೋದು ಅವನಿಗೆ ಕಾಣ್ಬೇಕು, ಅವನೂ ಖಾಲಿ ಬಟ್ಟಲಲ್ಲಿ ಕಲಸ್ತಾನೆ, ಮಕ್ಕಳಿಗೆ ಈ ವಯಸ್ಸಲ್ಲಿ ನಮ್ಮ ಕೆಲಸಕ್ಕಿಂತ ದೊಡ್ಡ ಆಟಿಕೆ ಇಲ್ಲ. ಕೆಲಸ ಮಾಡ್ತಾ ಏನ್ಮಾಡ್ತಿದೀನಿ ಅಂತ ಹೇಳ್ತಾ ಇರಿ. ಮೊದಲ ಕೆಲವು ದಿನ ಮೊಬೈಲ್ ಬೇಕು ಅಂತ ಅಳ್ತಾನೆ, ಅದಕ್ಕೆ ತಯಾರಾಗಿರಿ, ಆ ವಾರ ಅಡುಗೆ ಆದಷ್ಟು ಸರಳವಾಗಿರ್ಲಿ. ತೀರಾ ಹುಷಾರಿಲ್ಲದ ದಿನ, ಕೈಲಾಗದ ದಿನ ಕೊಟ್ರಿ ಅಂತಾದ್ರೆ ನಾಳೆ ಮತ್ತೆ ಡ್ರಾಯರ್ ತೆಗೀರಿ.

ಪ್ರಶ್ನೆ: ಮೂರೂವರೆ ವರ್ಷದ ಮೊಮ್ಮಗ ಇಡೀ ದಿನ ಆಟ. ಈ ವಯಸ್ಸಿಗೆ ಅಕ್ಷರ ತಿದ್ದಿಸೋದು ಬೇಡ್ವಾ? ಟೈಮ್ ವೇಸ್ಟ್ ಆಗ್ತಿದೆ ಅನ್ಸತ್ತೆ. ಜೊತೆಗೆ ತಂಗಿ ಬೊಂಬೆ ಇಟ್ಕೊಂಡು ತೊಟ್ಟಿಲು ತೂಗ್ತಾನೆ, ಗಂಡು ಮಗು ಹೀಗೆ ಆಡಬಹುದಾ?

ಉತ್ತರ: ತಾತಾ, ವೇಸ್ಟ್ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟ ಮಗುವಿನ ಹಕ್ಕು ಅಂತ ಬರೆದಿದಾರೆ, ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ 2018ರಲ್ಲಿ ವೈದ್ಯರು ಆಟವನ್ನೇ ಚೀಟೀಲಿ ಬರೆದು ಕೊಡಬೇಕು ಅಂತ ಹೇಳ್ತು. ಅಕ್ಷರ ತಿದ್ದೋಕೆ ಬೆರಳಲ್ಲಿ ಬಲ ಬೇಕು, ಅದು ಬರೋದು ಮಣ್ಣು ಕಲಸಿ, ಕಾಗದ ಹರಿದು, ಬ್ಲಾಕ್ ಜೋಡಿಸಿ. ನೀವು ದಿನಾ ಕಥೆ ಹೇಳಿ, ಪುಸ್ತಕ ತೋರಿಸಿ ಓದಿ, ಅವನಾಗೇ ಇದೇನು ಅಂತ ಅಕ್ಷರ ತೋರಿಸಿ ಕೇಳ್ದಾಗ ಹೇಳಿಕೊಡಿ. ಬೊಂಬೆ ಧಾರಾಳವಾಗಿ ಆಡ್ಲಿ. ಮನೇಲಿ ತಂಗೀನ ಹೇಗೆ ನೋಡ್ಕೊಳ್ತಾರೆ ಅಂತ ಅವನು ನೋಡಿದಾನೆ, ಅದನ್ನೇ ಮಾಡ್ತಿದಾನೆ, ಅದರಲ್ಲಿ ಸಂತೋಷ ಪಡೋಂಥದ್ದೇ ಇರೋದು.

ಪ್ರಶ್ನೆ: ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಎಂಟು ತಿಂಗಳು, ಈಗ ಅಂಬೆಗಾಲಿಡ್ತಿದಾನೆ. ಅಕ್ಕನ ಹಳೇ ಆಟಿಕೆ ಎಲ್ಲಾ ಅವನಿಗೆ ಕೊಡಬಹುದಾ? ನೆಂಟರು ವಾಕರ್ ಕೂಡ ಕೊಟ್ಟಿದಾರೆ.

ಉತ್ತರ: ಇದನ್ನ ಕೇಳಿದ್ದು ತುಂಬಾ ಒಳ್ಳೇದಾಯ್ತು, ಈ ಉತ್ತರನ ಎಲ್ಲರೂ ಗಮನ ಇಟ್ಟು ಓದಿ. ಮೂರು ವರ್ಷದೊಳಗಿನ ಮಕ್ಕಳಿಗೆ ಸಣ್ಣ ಚೂರು ಅಪಾಯ, ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ. ಟಾಯ್ಲೆಟ್ ಪೇಪರ್ ಸುತ್ತಿರತ್ತಲ್ಲ ಆ ರಟ್ಟಿನ ಕೊಳವೆ ತಗೊಂಡು ನೋಡಿ, ಅದರೊಳಗೆ ತೂರೋ ಯಾವ ಸಾಮಾನೂ ಚಿಕ್ಕವನ ಕೈಗೆ ಬೇಡ. ಬೊಂಬೆ ಕಣ್ಣು, ಕಾರಿನ ಚಕ್ರ ಎಳೆದು ನೋಡಿ, ಸಡಿಲ ಇದ್ರೆ ಕೊಡ್ಬೇಡಿ. ಒಡೆದ ಬಲೂನ್ ಚೂರು ಸಿಕ್ಕಿದ ತಕ್ಷಣ ಕಸಕ್ಕೆ, ಅದು ಗಂಟಲಿಗೆ ಅಂಟ್ಕೊಂಡ್ರೆ ತೆಗೆಯೋದು ಬಹಳ ಕಷ್ಟ. ನೀರಲ್ಲಿ ಹಾಕಿದ್ರೆ ಉಬ್ಬೋ ಬಣ್ಣದ ಮಣಿಗಳು ಮನೇಲಿ ಇರೋದೇ ಬೇಡ, ನುಂಗಿದ್ರೆ ಹೊಟ್ಟೇಲೂ ಉಬ್ಬಿ ಕರುಳು ಕಟ್ಟತ್ತೆ. ಅಕ್ಕನ ಸೆಟ್‌ನಲ್ಲಿ ಸಣ್ಣ ಮ್ಯಾಗ್ನೆಟ್ ಇದ್ರೆ ಅದೂ ಹಾಗೇ, ಎರಡು ನುಂಗಿದ್ರೆ ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಎಳ್ಕೊಂಡು ಮಧ್ಯದ ಗೋಡೆನ ತೂತು ಮಾಡತ್ತೆ.

ಎಲ್ಲಕ್ಕಿಂತ ನನಗೆ ಭಯ ಬಟನ್ ಬ್ಯಾಟರಿ, ಅಂದ್ರೆ ನಾಣ್ಯದ ಥರ ದುಂಡಗೆ ಚಪ್ಪಟೆಯಾಗಿರೋ ಪುಟ್ಟ ಬ್ಯಾಟರಿ. ರಿಮೋಟು, ಹಾಡೋ ಗ್ರೀಟಿಂಗ್ ಕಾರ್ಡು, ಮಿನುಗೋ ಆಟಿಕೆ, ತೂಕದ ಮಷಿನ್ನು, ಎಲ್ಲಾ ಕಡೆ ಇರತ್ತೆ. ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಒದ್ದೆ ತಾಗಿ ಕರೆಂಟ್ ಹರಿದು ಅಲ್ಲಿ ಕ್ಷಾರ ಉಂಟಾಗಿ ಎರಡೇ ಗಂಟೇಲಿ ತೀವ್ರವಾಗಿ ಸುಡತ್ತೆ, 20 ಮಿಲಿಮೀಟರ್ ಅಗಲದ ಲಿಥಿಯಂದು ಇನ್ನೂ ಅಪಾಯ, ಖಾಲಿ ಆಗಿದೆ ಅಂತ ತೆಗೆದಿಟ್ಟದ್ದೂ ಸುಡಬಹುದು. ಹಾಗಾಗಿ ಸ್ಕ್ರೂ ಹಾಕಿ ಮುಚ್ಚೋ ಬ್ಯಾಟರಿ ಮನೆ ಇರೋ ಸಾಮಾನನ್ನಷ್ಟೇ ಇಟ್ಕೊಳ್ಳಿ, ಹಳೇದನ್ನ ಟೇಪ್ ಸುತ್ತಿ ಆವತ್ತೇ ವಿಲೇವಾರಿ ಮಾಡಿ. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸ್ಬೇಡಿ, ಮೋಷನ್‌ನಲ್ಲಿ ಬರತ್ತೆ ಅಂತ ಕಾಯಬೇಡಿ, ಎಕ್ಸ್‌ರೇ ಇರೋ ಆಸ್ಪತ್ರೆಗೆ ತಕ್ಷಣ ಹೋಗಿ, ಬ್ಯಾಟರಿ ಅಂತ ಬಾಗಿಲಲ್ಲೇ ಹೇಳಿ. ಜೊಲ್ಲು ಜಾಸ್ತಿ ಸುರಿಯೋದು, ಕೆಮ್ಮು, ನುಂಗಕ್ಕೆ ಆಗ್ದೆ ಊಟ ಬೇಡ ಅನ್ನೋದು ಇದರ ಲಕ್ಷಣ, ಕೆಲವು ಸಲ ಏನೂ ಕಾಣದೆಯೂ ಇರಬಹುದು.

ದೊಡ್ಡವಳಿಗೆ ಟೇಬಲ್ ಮೇಲೆ ಆಡೋ ಜಾಗ ಮಾಡಿಕೊಡಿ, ಸಣ್ಣ ಸಾಮಾನೆಲ್ಲಾ ಅಲ್ಲೇ, ನೆಲ ತಮ್ಮಂದು. ಕಾವಲು ಕಾಯೋ ಕೆಲಸ ಮಾತ್ರ ಅವಳ ಮೇಲೆ ಹಾಕ್ಬೇಡಿ, ಅದು ದೊಡ್ಡೋರ ಕೆಲಸ, ಅವಳಿನ್ನೂ ಆರು ವರ್ಷದ ಮಗು.

ವಾಕರ್ ಬೇಡ. ಕೂರಿಸಿದ್ರೆ ಬೇಗ ನಡೀತಾರೆ ಅನ್ನೋದು ಸುಳ್ಳು, ನೆಲದ ಮೇಲೆ ಹೊರಳಿ ತೆವಳಿ ಹಿಡ್ಕೊಂಡು ನಿಂತೇ ಕಾಲಿಗೆ ಬಲ ಬರೋದು. ಅದರಲ್ಲಿ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಜಾಸ್ತಿ ದೂರ ಹೋಗ್ಬಿಡತ್ತೆ, ನೀವು ಪಕ್ಕದಲ್ಲೇ ಇದ್ರೂ ಮೆಟ್ಟಿಲ ಹತ್ರ ಹಿಡಿಯಕ್ಕೆ ಆಗಲ್ಲ. ಕೆನಡಾ ದೇಶದಲ್ಲಿ 2004ರಿಂದ ಇದರ ಮಾರಾಟವನ್ನೇ ನಿಷೇಧ ಮಾಡಿದಾರೆ. ಕೊಟ್ಟೋರಿಗೆ ಬೇಜಾರಾಗದ ಹಾಗೆ ಹೇಳಿ, ಆದ್ರೆ ಇನ್ನೊಂದು ಮನೆಗೆ ದಾಟಿಸ್ಬೇಡಿ, ಚಕ್ರ ಮುರಿದು ಹಾಕಿ.